ತೌಡಿಗೆ ಕೊಂಡ ಹೆಸರು

ಬಳ್ಳಾರಿ
೯ ನವೆಂಬರ್ ೨೦೨೫

ಪ್ರೀತಿಯ ಗಂಗೋತ್ರಿಗೆ,

ನೀನೂ ಮಗಳೂ ಆರಾಮವಾಗಿದ್ದೀರಿ ಎಂದು ಮಾವನವರು ಹೇಳಿದರು. ನಾನೂ ಆರಾಮ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ಫೋನಿನಲ್ಲಿ ನನ್ನ ದನಿ ಕೇಳಿದರೆ ಸಿಟ್ಟು ಬರುತ್ತದೆ, ಹೇಳುವುದೇನಿದ್ದರೂ ಕಾಗದದಲ್ಲಿ ಬರೆಯಲಿ, ಎರಡು ಸಲ ಓದಿ ನಂಬುವುದೋ ಬಿಡುವುದೋ ನೋಡುತ್ತೇನೆ ಎಂದು ಅವರ ಬಾಯಲ್ಲಿ ಹೇಳಿ ಕಳಿಸಿದ್ದೀಯ. ನಾನು ಕೊನೆಯ ಸಲ ಪತ್ರ ಬರೆದದ್ದು ಹತ್ತನೇ ತರಗತಿಯ ಪರೀಕ್ಷೆಯಲ್ಲಿ. ಪ್ರವಾಸ ಹೋಗಿ ಬಂದದ್ದನ್ನು ಗೆಳೆಯನಿಗೆ ತಿಳಿಸಿ ಎಂದು ಕೇಳಿದ್ದರು. ಹೋಗದೇ ಇದ್ದ ಪ್ರವಾಸದ ಬಗ್ಗೆ ಪುಟ ತುಂಬ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ.

ಮೊದಲು ಮನೆಯ ಸುದ್ದಿ. ನಿನ್ನ ಹೊಲಿಗೆ ಘಟಕ ನಿಂತಿಲ್ಲ. ಪೂಜಿತಾ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ನಿನಗಿಂತ ಜೋರಾಗಿದ್ದಾಳೆ. ಮಕ್ಕಳ ಜೀನ್ಸ್ ಪ್ಯಾಂಟಿನ ಆರ್ಡರು ಮುಗಿಯಿತಂತೆ. ‘ಅಕ್ಕ ಯಾವಾಗ ಬರ್ತಾಳ್ರಿ’ ಎಂದು ದಿನಾ ಕೇಳುತ್ತಾಳೆ, ನಾನು ದಿನಾ ‘ಇನ್ನೇನು ಬರ್ತಾಳ’ ಎನ್ನುತ್ತೇನೆ. ತೊಟ್ಟಿಲು ನಡುಮನೆಯಲ್ಲೇ ಇದೆ. ತೆಗೆದಿಡಲು ಮನಸ್ಸಿಲ್ಲ, ನೋಡಲು ಧೈರ್ಯವಿಲ್ಲ. ಅದಕ್ಕೆ ನಿನ್ನ ಒಂದು ಸೀರೆ ಹೊದಿಸಿದ್ದೇನೆ.

ನೀನು ಕೇಳಿಸಿದ ಪ್ರಶ್ನೆ ಒಂದೇ. ಹಿಂದಿನ ಓಣಿಯ ಹೊನ್ನೂರಮ್ಮನ ಎಮ್ಮೆ ಕೊಟ್ಟಿಗೆಯಲ್ಲಿ ಅವತ್ತು ನಡೆದದ್ದೇನು, ಅವಳ ಕೈಯಲ್ಲಿದ್ದ ತೌಡಿಗೂ ನನ್ನ ಹೆಸರಿಗೂ ಏನು ಸಂಬಂಧ? ಸಂಬಂಧ ಇದೆ. ಹೇಳುತ್ತೇನೆ.

ನೆನಪಿದೆಯಾ, ಮೊದಲ ಸಲ ನಿನ್ನ ಅಂಗಡಿಗೆ ಪ್ಯಾಂಟು ಗಿಡ್ಡ ಮಾಡಿಸಲು ಬಂದಿದ್ದೆ. ನೀನು ಚೀಟಿಗೆ ಹೆಸರು ಕೇಳಿದೆ. ತೌಡಪ್ಪ ಎಂದೆ. ನೀನು ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಂಡೇ ನಕ್ಕು, ‘ತೌಡು ನಿಮಗ ಬಂತು, ಅಕ್ಕಿ ಯಾರ ಪಾಲಾತ್ರಿ?’ ಎಂದೆ. ಆ ನಗುವಿಗೆ ನಾನು ಬಿದ್ದೆ. ಇಂಥ ಹೆಸರು ಯಾಕೆ ಎಂದಾಗ ಸಿರುಗುಪ್ಪದಲ್ಲಿ ನಮ್ಮ ಅಜ್ಜನಿಗೆ ಅಕ್ಕಿ ಗಿರಣಿ ಇತ್ತು, ಅದರ ನೆನಪಿಗೆ ಇಟ್ಟರು ಎಂದುಬಿಟ್ಟೆ. ಅಜ್ಜ ಗಿರಣಿಯ ಮುಂದೆ ಭತ್ತದ ಚೀಲ ಇಳಿಸುತ್ತಿದ್ದವನು. ಆಮೇಲೆ ನಿಜ ಹೇಳೋಣ ಎಂದುಕೊಂಡಾಗಲೆಲ್ಲ ನೀನು ‘ತೌಡೂ’ ಎಂದು ಎಷ್ಟು ಪ್ರೀತಿಯಿಂದ ಕರೆಯುತ್ತಿದ್ದೆಯೆಂದರೆ, ಯಾಕೆ ಕೆಡಿಸಲಿ ಅನ್ನಿಸುತ್ತಿತ್ತು.

ನಿಜ ಹೀಗಿದೆ. ನನಗಿಂತ ಮುಂಚೆ ಅವ್ವನಿಗೆ ಹುಟ್ಟಿದ ಮಕ್ಕಳು ಯಾರೂ ಉಳಿಯಲಿಲ್ಲ. ಎಲ್ಲರಿಗೂ ಒಳ್ಳೊಳ್ಳೆಯ ದೇವರ ಹೆಸರು ಇಟ್ಟಿದ್ದರಂತೆ. ನಾನು ಹುಟ್ಟಿದಾಗ ಅಪ್ಪ ಹೆಸರಿನ ಮಾತೇ ಎತ್ತಲಿಲ್ಲ. ಪುರುಡು ಕಳೆದ ಬೆಳಿಗ್ಗೆ ಅವ್ವ ನನ್ನನ್ನು ಹಳೆಯ ಮೊರದಲ್ಲಿ ಮಲಗಿಸಿ, ನಮ್ಮೂರು ರಾರಾವಿಯ ಮನೆಯ ಹಿತ್ತಿಲಲ್ಲಿ ತಿಪ್ಪೆಯ ಮೇಲಿಟ್ಟು, ಬೆನ್ನು ತಿರುಗಿಸಿ ನಿಂತಳು. ಪಕ್ಕದ ಮನೆಯ ಎಲ್ಲಮ್ಮ ಸೆರಗಿನಲ್ಲಿ ತೌಡು ಕಟ್ಟಿಕೊಂಡು ಬಂದಳು. ಎಲ್ಲಮ್ಮನ ಮಕ್ಕಳೆಲ್ಲ ಗಟ್ಟಿಮುಟ್ಟಾಗಿದ್ದರು. ಕೊಳ್ಳುವವಳು ಅಂಥವಳೇ ಆಗಬೇಕು. ‘ಯಾರದವಾ ಈ ಕೂಸು?’ ಎಂದು ಕೇಳಿದಳು. ಅವ್ವ ತಿರುಗಿ ನೋಡದೆ, ‘ಯಾರದೋ ಏನೋ, ನನಗಂತೂ ಬ್ಯಾಡ. ಬೇಕಿದ್ರ ತೌಡು ಹಾಕಿ ತಗೊಂಡು ಹೋಗು’ ಎಂದಳು. ಎಲ್ಲಮ್ಮ ತೌಡು ಸುರಿದು ನನ್ನನ್ನು ಎತ್ತಿಕೊಂಡು ಹೋದಳು. ಆ ತೌಡು ನಮ್ಮ ಎಮ್ಮೆ ತಿಂದಿತು. ಸಂಜೆ ಎಲ್ಲಮ್ಮ ಕೆನ್ನೆಗೆ ಮಸಿ ಬಳಿದ ನನ್ನನ್ನು ತಂದು, ‘ಇವ ನನ್ನ ಮಗ ತೌಡಪ್ಪ. ನೀ ಸಾಕಿ ಕೊಡವಾ’ ಎಂದು ಅವ್ವನ ಮಡಿಲಿಗೆ ಹಾಕಿದಳು.

ಹೆತ್ತವಳಿಗೇ ಬೇಡವಾದದ್ದು, ತೌಡಿಗೆ ಮಾರಾಟವಾದದ್ದು, ಇಂಥದ್ದನ್ನು ಒಯ್ದು ಏನು ಮಾಡುವುದು ಎಂದು ಸಾವು ಮೂಗು ಮುರಿದು ಹೋಗಲಿ ಅನ್ನುವುದು ನಮ್ಮವರ ಲೆಕ್ಕ. ನೀನು ನಗಬಹುದು. ನಾನೂ ಕುಡತಿನಿಯ ಕರೆಂಟಿನ ಪ್ಲಾಂಟಿನಲ್ಲಿ ಬಾಯ್ಲರಿನ ಮುಂದೆ ನಿಂತಾಗ ನಗುತ್ತೇನೆ. ಆದರೆ ನಾನು ಬದುಕಿದೆ, ಅವ್ವನ ಪಾಲಿಗೆ ಅಷ್ಟೇ ಸಾಕಾಗಿತ್ತು.

ಇದಕ್ಕೆ ಇನ್ನೊಂದು ಕಟ್ಟುಪಾಡು ಇದೆ. ಬೆನ್ನು ತಿರುಗಿಸಿ ನಿಂತವಳು ಆಮೇಲೆ ಯಾವತ್ತೂ ಆ ಕೂಸನ್ನು ನಾಲ್ಕು ಜನರ ಮುಂದೆ ‘ನನ್ನದು’ ಅನ್ನಬಾರದು. ಅಂದರೆ ಮಾರಿದ್ದು ಸುಳ್ಳಾಗುತ್ತದೆ. ಅವ್ವ ಇದನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ನಾಲ್ಕು ಜನ ಇಲ್ಲದಾಗಲೂ ಅನ್ನಲಿಲ್ಲ. ಸಾಲಿಗೆ ಸೇರಿಸುವಾಗ ಮೇಷ್ಟ್ರು ‘ಯಾರ ಮಗ?’ ಎಂದರೆ, ‘ಎಲ್ಲಮ್ಮನ ಮಗ ರೀ’ ಎಂದಳು. ನಾನು ಹತ್ತನೇ ತರಗತಿ ಪಾಸಾದಾಗ ಊರಿಗೆಲ್ಲ ಸಕ್ಕರೆ ಹಂಚುತ್ತಾ ‘ಎಲ್ಲಮ್ಮನ ಮಗ ಪಾಸಾದ’ ಎಂದು ಹೇಳಿಕೊಂಡು ಬಂದಳು. ಒಮ್ಮೆ ಜ್ವರ ಬಂದು ಮಲಗಿದ್ದಾಗ, ‘ಅವ್ವಾ, ನಾ ನಿನ್ನ ಮಗ ಅಲ್ಲೇನು?’ ಎಂದು ಅತ್ತಿದ್ದೆ. ಅವಳು ಬಾಯಿಗೆ ಬೆಲ್ಲದ ಚೂರು ಇಟ್ಟು, ‘ಸುಮ್ಮನಿರು, ಯಾರರ ಕೇಳ್ಯಾರು’ ಎಂದು ತಲೆ ಸವರಿದಳು. ಅಷ್ಟೇ ಅವಳ ಉತ್ತರ.

ಈಗ ಅವತ್ತಿನ ವಿಷಯ. ನಮ್ಮ ಮೊದಲ ಮಗ ಶರಣನಿಗೆ ನಾವು ಎಷ್ಟು ಚೆಂದದ ಹೆಸರಿಟ್ಟಿದ್ದೆವು, ನೆನೆಸಿಕೋ. ಆ ಹೆಸರು ನಾಲಿಗೆಗೆ ರೂಢಿಯಾಗುವ ಮುಂಚೆ ಮಗು ಹೋಯಿತು. ಈಗ ಮಗಳು ಅವನು ಹೋದ ವಯಸ್ಸಿಗೆ ಬರುತ್ತಿದ್ದಳು. ದೀಪಾವಳಿಯ ಮರುದಿನ ಹಾಲು ಕುಡಿಯುತ್ತಾ ತುಟಿ ನೀಲಿಯಾಯಿತಲ್ಲ, ಡಾಕ್ಟರು ಏನೂ ಇಲ್ಲ, ಹಾಲು ನೆತ್ತಿಗೇರಿದೆ ಅಷ್ಟೇ ಎಂದರೂ, ಅವ್ವನಿಗೆ ಆವತ್ತಿನಿಂದ ನಿದ್ದೆ ಹತ್ತಲಿಲ್ಲ. ಹಳ್ಳಿಯ ಹೆಂಗಸು, ಗಂಗಾ. ಕಂಡದ್ದು ಅಷ್ಟೇ, ಗೊತ್ತಿದ್ದ ಔಷಧಿ ಅದೊಂದೇ. ನೀನು ಎಣ್ಣೆನೀರು ಹಾಕಿಸಿಕೊಂಡು ಮಲಗಿದ್ದಾಗ ಮಗುವನ್ನು ಎತ್ತಿಕೊಂಡು ಹಿಂದಿನ ಓಣಿಗೆ ಹೋದಳು. ನಾನು ಮೊದಲ ಪಾಳಿಯಲ್ಲಿ ಕುಡತಿನಿಯಲ್ಲಿದ್ದೆ. ಇದ್ದಿದ್ದರೆ ಬಿಡುತ್ತಿರಲಿಲ್ಲ.

ತೊಟ್ಟಿಲು ಬರಿದಾಗಿದ್ದು ನೋಡಿ ನಿನ್ನ ಎದೆ ಹೇಗಾಗಿರಬೇಕು ಎಂದು ನನಗೆ ಅರ್ಥವಾಗುತ್ತದೆ. ಬಾಣಂತಿ, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಬರಿಗಾಲು. ತಲೆಗೆ ಕಟ್ಟಿದ ಬಟ್ಟೆ ಕೊಟ್ಟಿಗೆಯ ಬಾಗಿಲಲ್ಲಿ ಬಿಚ್ಚಿ ಬಿದ್ದದ್ದೂ ನಿನಗೆ ಗೊತ್ತಾಗಲಿಲ್ಲ. ಅದನ್ನು ಒಗೆದು ಮಡಿಚಿಟ್ಟಿದ್ದೇನೆ. ಹೊನ್ನೂರಮ್ಮನ ಕೈಯ ತೌಡು ತಳ್ಳಿ, ಮಗುವನ್ನು ಮೊರದಿಂದ ಎತ್ತಿಕೊಂಡು ನೀನು ಅವ್ವನಿಗೆ ಏನೇನು ಅಂದೆಯೋ ಅದಕ್ಕೆ ನಾನು ಬೇಸರ ಮಾಡಿಕೊಂಡಿಲ್ಲ. ಅವಳು ಮಾಡಿದ್ದು ತಪ್ಪೇ.

ಅವ್ವ ರಾರಾವಿಗೆ ಹೋದಳು. ಇನ್ನು ಬಳ್ಳಾರಿಯ ಮನೆಗೆ ಬರುವುದಿಲ್ಲ, ಮಗುವನ್ನು ಮುಟ್ಟುವುದಿಲ್ಲ ಎಂದು ತಾನಾಗಿಯೇ ಹೇಳಿದ್ದಾಳೆ. ನೀನು ಬಾ. ಮಗಳಿಗೆ ನಿನಗೆ ಬೇಕಾದ ಹೆಸರಿಡೋಣ. ನಾನು ಒಂದು ಮಾತೂ ಆಡುವುದಿಲ್ಲ.

ಅತ್ತೆಯವರಿಗೆ, ಮಾವನವರಿಗೆ ನಮಸ್ಕಾರ ತಿಳಿಸು. ಮಗಳ ಅಂಗಾಲಿಗೆ ಒಂದು ಮುತ್ತು.

ನಿನ್ನ
ತೌಡು


ಕುರುಗೋಡು
೧೫ ನವೆಂಬರ್ ೨೦೨೫

ತೌಡಪ್ಪನವರಿಗೆ, ಗಂಗೋತ್ರಿ ಬರೆಯುವುದು.

ಪತ್ರ ಎರಡು ಸಲ ಅಲ್ಲ, ಇನ್ನೂ ಹೆಚ್ಚು ಸಲ ಓದಿದೆ. ಅಮ್ಮ ನನ್ನ ಕೈಯಿಂದ ಕಸಿದುಕೊಂಡು ತಾನೂ ಓದಿದಳು. ಗಂಡ ಹೆಂಡತಿಯ ಕಾಗದ ಓದಬಾರದಮ್ಮ ಎಂದರೆ, ‘ಗಂಡನ ಮನಿ ಬಿಟ್ಟು ನನ್ನ ಮನಿಯಾಗ ಕುಂತ್ರ ಓದಾಕಬೇಕು’ ಎಂದಳು. ಓದಿ ಮುಗಿಸಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ಯಾರಿಗಾಗಿ ಅತ್ತಳೋ ಹೇಳಲಿಲ್ಲ.

ಮಗಳು ಚೆನ್ನಾಗಿದ್ದಾಳೆ. ತೂಕ ಏರಿದೆ. ಕತ್ತು ನಿಲ್ಲಿಸಲು ನೋಡುತ್ತಾಳೆ. ಅಪ್ಪ ಅಂಗಡಿಯಿಂದ ಊಟಕ್ಕೆ ಬಂದರೆ ತಟ್ಟೆ ಬಿಟ್ಟು ಇವಳ ಮುಂದೆ ಕೂರುತ್ತಾರೆ. ಹೆಸರಿಲ್ಲದ್ದಕ್ಕೆ ಒಬ್ಬೊಬ್ಬರು ಒಂದೊಂದು ಕರೆಯುತ್ತಿದ್ದಾರೆ. ಎಲ್ಲದಕ್ಕೂ ಕಣ್ಣು ಹೊರಳಿಸುತ್ತಾಳೆ.

ಅಕ್ಕಿ ಗಿರಣಿಯ ಸುಳ್ಳಿಗೆ ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಮ್ಮಪ್ಪ ಆ ಗಿರಣಿಯನ್ನು ನಂಬಿ ಮದುವೆಗೆ ಮುಂಚೆ ಸಿರುಗುಪ್ಪದಲ್ಲಿ ಅವರಿವರನ್ನು ವಿಚಾರಿಸಿದ್ದರು, ಯಾರಿಗೂ ಗೊತ್ತಿರಲಿಲ್ಲ. ಹಳೆಯ ಗಿರಣಿ, ಮುಚ್ಚಿರಬೇಕು ಎಂದು ತಾವೇ ಸಮಾಧಾನ ಮಾಡಿಕೊಂಡರಂತೆ. ಈಗ ಹೇಳುತ್ತಿದ್ದಾರೆ.

ಇನ್ನೊಂದು ವಿಷಯ ಈಗ ತಿಳಿಯಿತು. ಹೆಣ್ಣು ನೋಡಲು ಬಂದ ದಿನ ಅಪ್ಪ ಅತ್ತೆಯವರನ್ನು ‘ನಿಮಗ ಇವರೊಬ್ಬರೇ ಮಗನಾ?’ ಎಂದು ಕೇಳಿದ್ದರಲ್ಲ. ಅವರು ತಲೆ ಬಗ್ಗಿಸಿ, ‘ನನಗ ಮಕ್ಕಳಿಲ್ರಿ’ ಎಂದುಬಿಟ್ಟರು. ನೀವು ಆಗ ಅವ್ವನಿಗೆ ಕಿವಿ ಮಂದ, ತಪ್ಪು ಕೇಳಿಸಿಕೊಂಡಳು ಎಂದು ಮಾತು ತೇಲಿಸಿದಿರಿ. ನಾವು ಹಿಂದಿನಿಂದ ಎಷ್ಟು ನಕ್ಕಿದ್ದೆವು. ನಮ್ಮ ಓಣಿಯಲ್ಲಿ ಅವರಿಗೆ ‘ಮಕ್ಕಳಿಲ್ಲದ ಬೀಗತಿ’ ಎಂದೇ ಹೆಸರು. ಓದುವಾಗ ಆ ನಗು ನೆನಪಾಗಿ ನನಗೆ ನಾನೇ ಕೆಟ್ಟವಳಾಗಿ ಕಂಡೆ. ಇಷ್ಟು ವರ್ಷ ಒಬ್ಬ ತಾಯಿ ಮಗನನ್ನು ಮಗ ಎನ್ನದೆ ಹೇಗೆ ಇದ್ದಳು? ಮಧ್ಯಾಹ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನಾನೂ ಅನ್ನದೇ ಇದ್ದು ನೋಡಿದೆ. ಅವಳು ಆಕಳಿಸುವಷ್ಟರಲ್ಲಿ ‘ನನ್ನ ಬಂಗಾರ, ನನ್ನ ಮಗಳೇ’ ಎಂದು ಬಾಯಿ ತಾನೇ ಅಂದುಬಿಟ್ಟಿತು.

ನನ್ನ ಸಿಟ್ಟೂ ಅಲ್ಲೇ ಇದೆ. ತಿಪ್ಪೆ, ಸಗಣಿ, ಮೊರ, ಇವನ್ನೆಲ್ಲ ಬೇಕಾದರೆ ಸಹಿಸಬಹುದು. ಮಗುವಿಗೆ ಆಮೇಲೆ ನೆಗಡಿಯಾಗಿ ಮೂಗು ಕಟ್ಟಿದ್ದೂ ವಾಸಿಯಾಯಿತು. ಆದರೆ ನಾನು ಹೆತ್ತ ಮಗಳನ್ನು ನಾನು ನನ್ನ ಮಗಳು ಅನ್ನಬಾರದ ಹಾಗೆ ಮಾಡಲು ಅತ್ತೆಯವರಿಗೆ ಹೇಗೆ ಮನಸ್ಸು ಬಂತು? ತಮಗಾದದ್ದು ಸೊಸೆಗೂ ಆಗಲಿ ಎಂದೇ? ಶರಣನನ್ನು ನಾನು ಸಾಕಷ್ಟು ಸಲ ನನ್ನ ಮಗ ಎಂದು ಕರೆಯುವ ಮುಂಚೆ ಮಣ್ಣಿಗೆ ಕೊಟ್ಟು ಬಂದೆ. ಇವಳನ್ನಾದರೂ ಬಾಯಿ ತುಂಬ ಕರೆಯಬೇಕು. ಇದನ್ನು ಅವರಿಗೆ ಹೇಳಿ.

ನಾನೂ ತಪ್ಪು ಮಾಡಿದ್ದೇನೆ, ಅದನ್ನೂ ಬರೆಯುತ್ತೇನೆ. ಮಗುವನ್ನು ಎತ್ತಿಕೊಳ್ಳುವಾಗ ಅತ್ತೆಯವರು ತಡೆಯಲು ಬಂದರೋ ಹಿಡಿಯಲು ಬಂದರೋ ನೋಡಲಿಲ್ಲ, ದಬ್ಬಿಬಿಟ್ಟೆ. ನೀರಿನ ತೊಟ್ಟಿಯ ಮೇಲೆ ಬಿದ್ದರು. ಬಳೆ ಒಡೆದ ಸದ್ದು ಕೇಳಿಸಿತು. ಬೇಡದ ಮಾತೆಲ್ಲ ಆಡಿದೆ. ಅವರು ನೆಲದ ಮೇಲೆ ಕೂತುಕೊಂಡೇ ‘ಹೌದವಾ, ನಂದ ತಪ್ಪು’ ಎಂದರು. ನೀವು ಪತ್ರದಲ್ಲಿ ಅವರ ಕೈ ಹೇಗಿದೆ ಎಂದು ಬರೆದಿಲ್ಲ. ಬರೆಯಿರಿ.

ನಿಮ್ಮ ಪತ್ರ ಓದಿದರೆ ಅಲ್ಲೇ ನಿಂತು ನೋಡಿದವರು ಬರೆದ ಹಾಗಿದೆ. ನನ್ನ ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ ಎಂದು ನನಗೇ ಕುರುಗೋಡಿಗೆ ಬಂದು ಇಳಿದಾಗ ಗೊತ್ತಾದದ್ದು. ಅತ್ತೆಯವರು ನಿಮಗೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ್ದಾರೆ ಅನ್ನಿಸುತ್ತದೆ. ನನ್ನನ್ನು ಬೈದುಕೊಂಡು ಹೇಳಿರಲಿಕ್ಕಿಲ್ಲ, ಅದು ಅವರ ಸ್ವಭಾವ ಅಲ್ಲ.

ನಾನು ಬರುತ್ತೇನೆ. ಇದೇ ಇಪ್ಪತ್ನಾಲ್ಕು, ಸೋಮವಾರ, ಅಪ್ಪ ಕಾರಿನಲ್ಲಿ ಬಿಡುತ್ತಾರೆ. ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಆ ಹೊತ್ತು ಅಲ್ಲಿ ಇರಲಿಲ್ಲ, ನಿಮಗೆ ಗೊತ್ತೂ ಇರಲಿಲ್ಲ ಎಂದ ಮೇಲೆ ನಿಮ್ಮ ಮೇಲೆ ಯಾಕೆ ಸಿಟ್ಟಾಗಲಿ? ಆದರೆ ಅತ್ತೆಯವರು ಹೇಳಿದ ಮಾತನ್ನು ನಡೆಸಿಕೊಡಲಿ. ತೊಟ್ಟಿಲ ಕಾರ್ಯಕ್ಕೂ ಬರುವುದು ಬೇಡ. ಕಠಿಣ ಎಂದು ನನಗೂ ಗೊತ್ತು. ಅವರನ್ನು ನೋಡಿದರೆ ನನಗೆ ಮೊರ ನೆನಪಾಗುತ್ತದೆ, ಅದೊಂದೇ ಕಾರಣ.

ತಲೆಯ ಬಟ್ಟೆ ಎಲ್ಲಿ ಇಟ್ಟಿದ್ದೀರಿ? ಬೀರುವಿನಲ್ಲಿ ಇಟ್ಟರೆ ಜಿರಳೆ.

ಗಂಗೋತ್ರಿ


ಬಳ್ಳಾರಿ
೨೦ ನವೆಂಬರ್ ೨೦೨೫

ಗಂಗಾ,

ಈ ಪತ್ರವನ್ನು ಟಪಾಲಿಗೆ ಹಾಕುತ್ತಿಲ್ಲ. ಕುರುಗೋಡಿನಿಂದ ದಿನಾ ಓಡಾಡುವ ನಮ್ಮ ಪ್ಲಾಂಟಿನ ಶೇಖರ್ ಕೈಯಲ್ಲಿ ಕೊಡುತ್ತೇನೆ. ಟಪಾಲಿಗೆ ಹಾಕಿದರೆ ನೀನು ಸೋಮವಾರ ಹೊರಟು ಬಂದ ಮೇಲೆ ಅದು ಅಲ್ಲಿಗೆ ತಲುಪುತ್ತಿತ್ತೇನೋ. ಹಾಗೆ ಆಗಲಿ ಎಂದು ಅಂಚೆಪೆಟ್ಟಿಗೆಯ ಮುಂದೆ ನಿಂತೂ ಬಂದೆ. ನನ್ನ ಯೋಗ್ಯತೆ ಇಷ್ಟು.

ನಿನ್ನ ಪತ್ರ ಬಂದ ದಿನ ನಾನು ಖುಷಿಯಿಂದ ತೊಟ್ಟಿಲ ಮೇಲಿನ ಸೀರೆ ತೆಗೆದೆ. ನೀನು ಬರುತ್ತೀಯ, ಮಗಳು ಬರುತ್ತಾಳೆ, ಎಲ್ಲ ಸರಿಹೋಯಿತು. ಆಮೇಲೆ ‘ನಿಮ್ಮ ಮೇಲೆ ಸಿಟ್ಟಿಲ್ಲ’ ಎಂಬ ಸಾಲನ್ನು ಮತ್ತೆ ಓದಿದೆ. ಅವ್ವನ ಕೈ ಹೇಗಿದೆ ಎಂದು ಕೇಳಿದ್ದೀಯಲ್ಲ, ಅದನ್ನು ನೋಡಿ ಬಂದು ಬರೆಯೋಣ ಎಂದು ರಾರಾವಿಗೆ ಹೋದೆ.

ಕೈ ಮುರಿದಿದೆ. ಎಡಗೈ ಮಣಿಕಟ್ಟು. ಸಿರುಗುಪ್ಪದಲ್ಲಿ ಪಟ್ಟಿ ಹಾಕಿಸಿಕೊಂಡಿದ್ದಾಳೆ, ನನಗೆ ಹೇಳೇ ಇರಲಿಲ್ಲ. ಊರಿನವರಿಗೆಲ್ಲ ಬಚ್ಚಲಲ್ಲಿ ಜಾರಿದೆ ಎಂದಿದ್ದಾಳೆ. ಒಂದೇ ಕೈಯಲ್ಲಿ ಅಂಗಳದ ಹೊಸ ಭತ್ತ ಹರವುತ್ತಿದ್ದಳು. ನನ್ನನ್ನು ಕಂಡವಳೇ, ‘ಗಂಗೋತ್ರಿ ಮಗಳು ಚಲೋ ಐತೇನು?’ ಎಂದಳು. ಎಲ್ಲಮ್ಮ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದಳು. ಅವಳಿಗೀಗ ಕಣ್ಣು ಮಂಜು. ‘ಸುಂಕಮ್ಮಾ, ನಿನ್ನ ಮೊಮ್ಮಗಳು ಹೆಂಗದಾಳಂತ?’ ಎಂದು ಕೇಳಿದಳು. ಅವ್ವ ಭತ್ತದಿಂದ ಕೈ ತೆಗೆಯದೆ, ‘ನನಗೆಲ್ಲಿ ಮೊಮ್ಮಕ್ಕಳವಾ’ ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನೀರು ಕುಡಿಯುವ ನೆಪ ಮಾಡಿ ಒಳಗೆ ಹೋಗಿ ಅತ್ತುಬಿಟ್ಟೆ.

ಗಂಗಾ, ಅವತ್ತು ನಾನು ಕುಡತಿನಿಗೆ ಹೋಗಿರಲಿಲ್ಲ.

ರಜೆ ಹಾಕಿದ್ದೆ. ನಿನಗೆ ಅನುಮಾನ ಬಾರದಿರಲೆಂದು ಪಾಳಿಯ ಬಟ್ಟೆ ಹಾಕಿಕೊಂಡು, ಊಟದ ಡಬ್ಬಿ ಹಿಡಿದು ಹೊರಟೆ. ಓಣಿ ತಿರುಗಿ ಹೊನ್ನೂರಮ್ಮನ ಕೊಟ್ಟಿಗೆಗೆ ಹೋದೆ. ಹಿಂದಿನ ದಿನವೇ ಅವಳ ಹತ್ತಿರ ಮಾತಾಡಿ ಬಂದವನು ನಾನು. ಮೊರ ಕೊಂಡು ತಂದವನು ನಾನು. ಅವ್ವ ಮಗುವನ್ನು ತಂದಾಗ ಅವಳ ಕೈಯಿಂದ ತೆಗೆದುಕೊಂಡು ಮೊರದಲ್ಲಿ ಮಲಗಿಸಿದ್ದು ಈ ಕೈಗಳು. ಅವ್ವನಿಗೆ ನಿದ್ದೆ ಹತ್ತಲಿಲ್ಲ ಎಂದು ಬರೆದೆನಲ್ಲ, ಆ ನಿದ್ದೆ ಬಾರದವನು ನಾನೇ. ಮಗಳ ಎದೆ ಏರಿ ಇಳಿಯುವುದನ್ನು ನೋಡುತ್ತಾ ಕೂರುತ್ತಿದ್ದೆ. ಅವಳ ತುಟಿ ನೀಲಿಯಾದದ್ದು ಕಂಡಾಗ ಓದಿದ್ದು, ಬಾಯ್ಲರು, ವಿಜ್ಞಾನ ಯಾವುದೂ ನೆನಪಿಗೆ ಬರಲಿಲ್ಲ. ನಾನು ಹೇಗೆ ಉಳಿದೆ ಎನ್ನುವುದೊಂದೇ ನೆನಪಾಯಿತು.

ಅವ್ವ ಬೇಡ ಎಂದಳು. ಎಷ್ಟು ಸಲ ಬೇಡ ಎಂದಳು ಎಂದರೆ ನಾನು ಅವಳ ಮೇಲೆ ರೇಗಿದೆ. ‘ಕೂಸು ಗಂಗೋತ್ರಿದು. ಆಕಿನ್ನ ಕೇಳು ಮೊದಲು. ನನಗ ಆವಾಗ ಕೇಳೋರು ಇರಲಿಲ್ಲ, ಆಕಿಗರ ಕೇಳು’ ಎಂದಳು. ಕೇಳಿದರೆ ನೀನು ಒಪ್ಪುವುದಿಲ್ಲ ಎಂದು ಗೊತ್ತಿದ್ದರಿಂದಲೇ ನಾನು ಕೇಳಲಿಲ್ಲ. ಕೊನೆಗೆ, ‘ಇವಳಿಗೂ ಶರಣನ ಹಂಗ ಆದ್ರ ನೀ ಬ್ಯಾಡ ಅಂದಿದ್ದಕ್ಕ ಆತು ಅಂತೀನಿ’ ಎಂದೆ. ಅವ್ವನಿಗೆ ಅಂಥ ಮಾತು ಆಡಿದೆ, ಗಂಗಾ. ಅವಳು ಆಯಿತು ಎಂದಳು.

ಮಗುವನ್ನು ಮಲಗಿಸಿ ನಾನು ಹುಲ್ಲಿನ ಬಣವೆಯ ಹಿಂದೆ ಸರಿದೆ. ಆ ಹೊತ್ತಿನಲ್ಲಿ ಗಂಡಸರು ಕಾಣಿಸಬಾರದು ಎಂಬ ಮಾತಿದೆ. ಅವ್ವ ಬೆನ್ನು ತಿರುಗಿಸಿ ‘ನನಗ ಬ್ಯಾಡ’ ಎಂದಳು. ಹೊನ್ನೂರಮ್ಮ ತೌಡು ತುಂಬಿಕೊಂಡು ಕೈ ಮುಂದೆ ಮಾಡಿದಳು. ಅಷ್ಟರಲ್ಲಿ ನೀನು ಬಂದೆ. ನಾನು ಎಲ್ಲ ನೋಡಿದೆ. ಚಪ್ಪಲಿ ನೋಡಿದೆ, ಬಟ್ಟೆ ಬಿದ್ದದ್ದು ನೋಡಿದೆ, ಅವ್ವ ಬಿದ್ದದ್ದು ನೋಡಿದೆ. ಹೊರಗೆ ಬರಲು ಒಂದು ಹೆಜ್ಜೆ ಇಟ್ಟೆ. ನೆಲದ ಮೇಲಿದ್ದ ಅವ್ವ ನನ್ನ ಕಡೆ ನೋಡಿ ಬೇಡ ಎಂದು ತಲೆ ಆಡಿಸಿದಳು. ನನಗೆ ಅಷ್ಟೇ ಸಾಕಾಯಿತು. ನಿಂತುಬಿಟ್ಟೆ. ನೀನು ಹೋದ ಮೇಲೆ ಬಂದು ಅವಳನ್ನು ಎಬ್ಬಿಸಿದರೆ, ‘ನನ್ನ ಮ್ಯಾಲ ಸಿಟ್ಟಾದ್ರ ಆಕಿ ನಾಕು ದಿನಕ್ಕ ಮರೀತಾಳ. ನಿನ್ನ ಮ್ಯಾಲ ಸಿಟ್ಟಾದ್ರ ಮನಿ ಒಡೀತೈತಿ. ನೀ ಡೂಟಿಗೆ ಹೋಗಿದ್ದಿ ಅಷ್ಟ’ ಎಂದಳು. ಅವಳು ಕೊಟ್ಟ ಸುಳ್ಳನ್ನು ನಾನು ಮಡಿಕೆ ಬಿಚ್ಚದೆ ನಿನಗೆ ಬರೆದು ಕಳಿಸಿದೆ. ಇನ್ನು ಬರುವುದಿಲ್ಲ ಎಂದು ಅವ್ವ ತಾನಾಗಿ ಹೇಳಿದ್ದೂ ನಿಜವಲ್ಲ. ಗಂಗೋತ್ರಿ ವಾಪಸ್ಸು ಬರಬೇಕಾದರೆ ನೀನು ಈ ಮನೆಗೆ ಬರಬಾರದು ಎಂದು ನಾನೇ ಅವಳಿಗೆ ಹೇಳಿದೆ. ಅವಳು ಚೀಲ ತೆಗೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು. ಮುರಿದ ಕೈಯಲ್ಲಿ ಹತ್ತಿದಳು ಎಂದು ನನಗೆ ಈಗ ಗೊತ್ತಾಯಿತು.

ಸೋಮವಾರ ಬರುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ಒಪ್ಪಿದ್ದು ಅಲ್ಲಿ ಇಲ್ಲದೇ ಇದ್ದ ಗಂಡನ ಹತ್ತಿರ ಬರಲು. ಅಂಥ ಗಂಡ ನಿನಗಿಲ್ಲ. ಬರದಿದ್ದರೆ ತೊಟ್ಟಿಲು ನಾನೇ ಕುರುಗೋಡಿಗೆ ತಂದುಕೊಟ್ಟು, ಬಾಗಿಲಲ್ಲಿಟ್ಟು ಬರುತ್ತೇನೆ. ಮಗಳ ಹೆಸರು ನಿನ್ನ ಇಷ್ಟ. ಒಂದೇ ಒಂದು ಕೇಳುತ್ತೇನೆ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಿರಲಿ, ಅವ್ವನನ್ನು ತೊಟ್ಟಿಲ ಕಾರ್ಯಕ್ಕೆ ಕರೆ. ನಾನು ಬೇಡವಾದರೆ ನಾನು ಬರುವುದಿಲ್ಲ.

ತಲೆಯ ಬಟ್ಟೆ ಬೀರುವಿನಲ್ಲಿಲ್ಲ. ನನ್ನ ದಿಂಬಿನ ಕೆಳಗಿದೆ.

ಸುಂಕಮ್ಮನ ಮಗ
ತೌಡಪ್ಪ

ತಾ. ಕ.: ಬರೆಯುವುದೋ ಬೇಡವೋ ಎಂದು ಉಳಿಸಿಕೊಂಡಿದ್ದೆ. ತಮಗಾದದ್ದು ಸೊಸೆಗೂ ಆಗಲಿ ಎಂದು ಅತ್ತೆ ಹೀಗೆ ಮಾಡಿದರೇ ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಇದು. ತಿಪ್ಪೆಯ ಮುಂದೆ ಬೆನ್ನು ತಿರುಗಿಸಿ ನಿಲ್ಲಬೇಕಾದವಳು ಹೆತ್ತವಳು. ಏನಾದರೂ ನೆಪ ಹೇಳಿ ನಿನ್ನನ್ನೇ ಕರೆತಂದು ನಿಲ್ಲಿಸೋಣ ಎಂದು ನಾನು ಹೇಳಿದ್ದೆ. ಉಳಿದ ಎಲ್ಲದಕ್ಕೂ ಒಪ್ಪಿದ ಅವ್ವ ಅದೊಂದಕ್ಕೆ ಒಪ್ಪಲಿಲ್ಲ. ‘ಆಕಿ ತನ್ನ ಮಗಳನ್ನ ಬಾಯ್ತುಂಬ ಮಗಳ ಅಂತ ಕರೀಲಿ. ಆಕಿ ಬದಲಿ ನಾ ನಿಲ್ತೀನಿ ಬಿಡು,’ ಎಂದಳು. ‘ನನಗ ರೂಢಿ ಐತಿ.’